ಒಂಬತ್ತನೇ ನಂಬರಿನ ಬಲಗೈ

೧

ಹೇಗೆ ಶುರು ಮಾಡಲಿ ಎಂದು ಕೇಳುತ್ತಿದ್ದೇನೆ ಎಂದ ಮಾತ್ರಕ್ಕೆ ನನಗೆ ಗೊತ್ತಿಲ್ಲ ಎಂದುಕೊಳ್ಳಬೇಡಿ. ವಿನಯಕ್ಕೂ ನನಗೂ ಮಾತು ಬಿಟ್ಟು ಬಹಳ ವರ್ಷವಾಯಿತು. ಈ ಕಥೆಗೆ ನನ್ನ ಬಳಿ ನಲವತ್ತು ಆರಂಭಗಳಿವೆ. ಅವುಗಳಲ್ಲಿ ತೀರಾ ಕಳಪೆಯಾದದ್ದನ್ನು ಓದಿದರೂ ನೀವು ಒಲೆಯ ಮೇಲಿಟ್ಟ ಹಾಲನ್ನು ಮರೆತುಬಿಡುತ್ತೀರಿ. ಸಮಸ್ಯೆ ಬೇರೆ. ಯಾವ ಆರಂಭವನ್ನು ಮುಟ್ಟಿದರೂ ಯಾವುದಾದರೂ ಒಂದು ಪಾತ್ರ ಎದ್ದುನಿಂತು ತಕರಾರು ತೆಗೆಯುತ್ತದೆ.

ಮೊದಲನೆಯದು ಹೀಗಿತ್ತು: ‘ಚೆಂಡು ಗಾಳಿಯಲ್ಲಿತ್ತು. ಮೂರು ಸಾವಿರ ಜನ ಉಸಿರು ಬಿಗಿಹಿಡಿದಿದ್ದರು.’

ಹೊಡೆದುಹಾಕಿದೆ. ಜನ ಇದ್ದದ್ದು ಮೂವರು. ಸಾವಿರ ತಾನಾಗಿಯೇ ಬಂದು ಸೇರಿಕೊಂಡಿತ್ತು. ನನ್ನ ಪೆನ್ನಿಗೆ ಆ ಚಾಳಿ ಇದೆ.

ಎರಡನೆಯದು: ‘ಸಂಚು ನಡೆದಿತ್ತು.’

ಓದುಗರೇ, ಈಗ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿರಿ. ನೋಡಿದೆ. ಇದನ್ನೇ ಇಟ್ಟುಕೊಳ್ಳೋಣ.

೨

ಸಂಚು ನಡೆದಿತ್ತು. ಆ ಮೂವರಲ್ಲಿ ಇಬ್ಬರಿಗಂತೂ ಅದರಲ್ಲಿ ಅನುಮಾನವಿರಲಿಲ್ಲ. ಅನುಮಾನವಿದ್ದದ್ದು ಜಗತ್ತಿನ ಉಳಿದೆಲ್ಲದರ ಮೇಲೆ.

ಕಾಲೇಜಿನ ಗೇಟಿನ ಎದುರಿಗೆ ಒಂದು ಟೈಲರ್ ಅಂಗಡಿ. ಭಾನುವಾರ ಬೆಳಿಗ್ಗೆ ಅದರ ಶಟರ್ ಅರ್ಧ ಮಾತ್ರ ಎತ್ತಿರುತ್ತದೆ. ಬಗ್ಗಿ ಒಳಗೆ ಹೋದರೆ, ಕತ್ತರಿಸುವ ಟೇಬಲ್ಲಿನ ಸುತ್ತ, ಆ ಕಾಲೇಜಿನ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ತಂಡದ ಸಮಸ್ತ ಅಭಿಮಾನಿ ಬಳಗ ಹಾಜರು: ಗಣಿತದ ಮೇಷ್ಟ್ರು, ಬಸ್ ಕಂಡಕ್ಟರ್, ಮತ್ತು ಅಂಗಡಿಯ ಒಡತಿ ಟೈಲರಕ್ಕ. ಹದಿನಾಲ್ಕು ವರ್ಷದಿಂದ ಒಂದೇ ಒಂದು ಪಂದ್ಯ ತಪ್ಪಿಸದವರು. ಶನಿವಾರ ಪಂದ್ಯ, ಭಾನುವಾರ ಅದರ ಮರಣೋತ್ತರ ಪರೀಕ್ಷೆ.

ಮೇಷ್ಟ್ರ ಬಳಿ ಒಂದು ಉದ್ದನೆಯ ನೋಟ್‌ಬುಕ್ ಇದೆ. ಯಾರು, ಎಷ್ಟನೇ ನಿಮಿಷದಲ್ಲಿ, ಎಲ್ಲಿಂದ ಎಸೆದರು, ಚೆಂಡು ಬುಟ್ಟಿಗೆ ಬಿತ್ತೋ ಇಲ್ಲವೋ, ಎಲ್ಲವೂ ಅದರಲ್ಲಿದೆ. ಕಂಡಕ್ಟರ್ ಬಳಿ ಪುಸ್ತಕವಿಲ್ಲ, ಕಣ್ಣಿದೆ. ಕಿಕ್ಕಿರಿದ ಬಸ್ಸಿನಲ್ಲಿ ಟಿಕೆಟ್ ತೆಗೆಯದವನನ್ನು ಆತ ಕತ್ತಿನ ಹಿಂಭಾಗ ನೋಡಿಯೇ ಹಿಡಿಯಬಲ್ಲ. ಟೈಲರಕ್ಕನ ಬಳಿ ಏನಿದೆ ಎಂಬುದನ್ನು ಆಮೇಲೆ ಹೇಳುತ್ತೇನೆ. (ಈಗಲೇ ಹೇಳಿದರೆ ಕಥೆ ಇಲ್ಲಿಗೇ ಮುಗಿಯುತ್ತದೆ. ನನಗಿನ್ನೂ ಸಾಕಷ್ಟು ಮೆರೆಯುವುದಿದೆ.)

ಲೀಗಿನ ಐದು ಪಂದ್ಯಗಳು ಮುಗಿದಿದ್ದವು. ಎರಡು ಗೆಲುವು, ಮೂರು ಸೋಲು. ಸೋತ ಮೂರರಲ್ಲೂ ಅರ್ಧ ಆಟದ ಹೊತ್ತಿಗೆ ನಮ್ಮವರೇ ಮುಂದಿದ್ದರು.

“ಒಂಬತ್ತನೇ ನಂಬರನ್ನ ನೋಡಿ.” ಮೇಷ್ಟ್ರು ಪೆನ್ಸಿಲ್ಲಿನ ಹಿಂಬದಿಯಿಂದ ಒಂದು ಸಾಲನ್ನು ಕುಕ್ಕಿದರು. “ಮೊದಲರ್ಧದಲ್ಲಿ ಹನ್ನೊಂದು ಸಲ ಬುಟ್ಟಿಗೆ ಎಸೀತಾಳೆ. ಎರಡನೇ ಅರ್ಧದಲ್ಲಿ ಎರಡೇ ಸಲ. ಸೋತ ಮೂರಕ್ಕೆ ಮೂರರಲ್ಲೂ ಇದೇ ಕತೆ. ಚೆಂಡು ಕೈಗೆ ಬರೋದೇ ತಡ, ಬಿಸಿ ಪಾತ್ರೆ ಹಿಡಿದೋಳ ಹಾಗೆ ಪಕ್ಕದವಳಿಗೆ ದಾಟಿಸಿಬಿಡ್ತಾಳೆ.”

“ಸುಸ್ತಾಗಿರಬೇಕು,” ಎಂದಳು ಟೈಲರಕ್ಕ.

“ಸುಸ್ತಾದೋಳು ಓಡಲ್ಲ ಅಕ್ಕಾ. ಇವಳು ಕೊನೇ ನಿಮಿಷದವರೆಗೂ ಜಿಂಕೆ.”

“ಮಾರ್ಕೊಂಡಿದ್ದಾಳೆ,” ಎಂದ ಕಂಡಕ್ಟರ್.

“ಏನನ್ನ?”

“ಆಟಾನ. ಇನ್ನೇನನ್ನ? ಎರಡನೇ ಅರ್ಧದಲ್ಲಿ ಅವಳ ಮುಖ ನೋಡಿದ್ದೀರಾ? ಚೆಕಿಂಗ್‌ನೋರು ಹತ್ತಿದ ತಕ್ಷಣ ಹಿಂದಿನ ಸೀಟಲ್ಲಿ ಕೆಲವರು ಕಿಟಕಿ ಹೊರಗೆ ನೋಡ್ತಾರಲ್ಲ, ಅದೇ ಮುಖ.”

“ನೀನು ನಿನ್ನ ಹೆಂಡತಿ ಮುಖ ನೋಡಿದ್ರೂ ಟಿಕೆಟ್ ಎಲ್ಲಿ ಅಂತೀಯ.”

“ಅವಳ ಹತ್ರ ಪಾಸಿದೆ. ತಮಾಷೆ ಬಿಡಿ ಅಕ್ಕಾ. ಹುಡುಗಿ ಸರಿಯಿಲ್ಲ.”

೩

ಇಲ್ಲಿ ಒಂದು ತಪ್ಪೊಪ್ಪಿಗೆ. ‘ಮಾರಿಕೊಂಡಿದ್ದಾಳೆ’ ಎನ್ನುವ ಐಡಿಯಾ ಕಂಡಕ್ಟರನದ್ದಲ್ಲ, ನನ್ನದು. ಮೊದಲ ಡ್ರಾಫ್ಟಿನಲ್ಲಿ ಕಾಲೇಜಿನ ಗೇಟಿನ ಬಳಿ ಒಂದು ಬಿಳಿ ಕಾರು ನಿಲ್ಲಿಸಿದ್ದೆ. ಅದರೊಳಗೆ ಕಪ್ಪು ಕನ್ನಡಕದವನೊಬ್ಬ. ಎಂಥ ಕನ್ನಡಕ ಅಂತೀರಿ! ಅದರಲ್ಲಿ ಇಡೀ ಬೀದಿ ತಲೆಕೆಳಗಾಗಿ ಕಾಣುವಂತೆ ಎರಡು ಪುಟ ವರ್ಣನೆ ಬರೆದಿದ್ದೆ.

ಟೈಲರಕ್ಕ ಮಷೀನಿನಿಂದ ತಲೆ ಎತ್ತಲೂ ಇಲ್ಲ. “ಏನ್ರೀ ಬರೆಯೋರೇ, ನಾನು ಇಲ್ಲಿ ಕೂತರೆ ಎದುರಿಗೆ ಕಾಣೋದು ಆ ಗೇಟು ಒಂದೇ. ಬೆಳಿಗ್ಗೆಯಿಂದ ಸಾಯಂಕಾಲದವರೆಗೆ ಅದನ್ನೇ ನೋಡ್ತೀನಿ. ಯಾವ ಕಾರೂ ಬಂದಿಲ್ಲ.”

“ಬಂದರೆ ಕಥೆಗೆ ಒಳ್ಳೆಯದು,” ಎಂದೆ.

“ಕಥೆಗೆ ಒಳ್ಳೇದಾದ್ರೆ ಹುಡುಗಿಗೂ ಒಳ್ಳೇದಾ?”

ಕಾರು ತೆಗೆದೆ. ಕನ್ನಡಕ ಈಗಲೂ ನನ್ನ ಡ್ರಾಯರಿನಲ್ಲಿದೆ. ಆದರೆ ಒಮ್ಮೆ ಕಂಡಕ್ಟರನ ಬಾಯಿಗೆ ಹಾಕಿದ ಮಾತನ್ನು ವಾಪಸು ತೆಗೆಯಲಾಗಲಿಲ್ಲ. ಆತ ಅದನ್ನು ಆಗಲೇ ತನ್ನದು ಮಾಡಿಕೊಂಡಿದ್ದ.

೪

ಟೈಲರಕ್ಕನ ಬಳಿ ಇದ್ದದ್ದು ಹರಿದ ಹೊಲಿಗೆಗಳು.

ಆ ಕಾಲೇಜಿನ ಜರ್ಸಿಗೆ ಅರ್ಧ ತೋಳು. ತೋಳಿಲ್ಲದ್ದು ಬೇಡವೆಂದು ಯಾವುದೋ ಕಾಲದಲ್ಲಿ ಯಾವುದೋ ಕಮಿಟಿ ತೀರ್ಮಾನಿಸಿತ್ತು. ಕಮಿಟಿ ಹೋಯಿತು, ತೋಳು ಉಳಿಯಿತು. ಅಂಥ ಜರ್ಸಿ ಹಾಕಿಕೊಂಡು ಕೈಯನ್ನು ಪೂರ್ತಿ ಮೇಲೆತ್ತಿ ಚೆಂಡು ಎಸೆದರೆ ಕಂಕುಳಲ್ಲಿ ಹೊಲಿಗೆ ಬಿಚ್ಚುತ್ತದೆ. ಪ್ರತಿ ಸೋಮವಾರ ಬಿಚ್ಚಿದ ಜರ್ಸಿಗಳ ಗಂಟು ಅವಳ ಟೇಬಲ್ಲಿಗೆ ಬರುತ್ತಿತ್ತು. ಯಾವ ಹುಡುಗಿ ಯಾವ ಕೈಯಲ್ಲಿ ಎಸೆದಳು, ಜೋರಾಗಿ ಎಸೆದಳೋ ಅಂಜಿಕೊಂಡು ಎಸೆದಳೋ, ಪಂದ್ಯ ನೋಡದೆಯೇ ಅವಳು ಹೇಳಬಲ್ಲಳು. ಮೇಷ್ಟ್ರ ನೋಟ್‌ಬುಕ್ಕಿನಲ್ಲಿರುವುದು ಚೆಂಡು ಎಲ್ಲಿ ಬಿತ್ತು ಎಂಬುದು. ಟೈಲರಕ್ಕನಿಗೆ ಗೊತ್ತಿರುವುದು ಅದು ಎಲ್ಲಿಂದ ಹೊರಟಿತು ಎಂಬುದು.

ಕಳೆದ ವರ್ಷ ಒಂಬತ್ತನೇ ನಂಬರಿನ ಜರ್ಸಿ ವಾರ ತಪ್ಪದೆ ಬಲ ಕಂಕುಳು ಬಿಚ್ಚಿಕೊಂಡು ಬರುತ್ತಿತ್ತು. ಕೊನೆಕೊನೆಗೆ ನೂಲು ಹಿಡಿಯಲು ಬಟ್ಟೆಯೇ ಉಳಿಯದೆ ಒಳಗೆ ತೇಪೆ ಹಾಕಬೇಕಾಯಿತು. ಈ ವರ್ಷ ಐದು ಪಂದ್ಯ ಕಳೆದರೂ ಬಲಗಡೆ ಒಂದು ಎಳೆ ಅಲುಗಿರಲಿಲ್ಲ. ಹನ್ನೊಂದು ಸಲ ಎಸೆದವಳ ಹೊಲಿಗೆ ಹೊಚ್ಚಹೊಸದರಂತೆ ಇದೆ ಎಂದರೆ, ಅವಳು ಕೈಯೆತ್ತಿ ಎಸೆಯುತ್ತಿಲ್ಲ, ಎದೆಯ ಮಟ್ಟದಿಂದ ತಳ್ಳುತ್ತಿದ್ದಾಳೆ.

ಮೂರನೇ ಪಂದ್ಯದ ನಂತರ ಒಂದು ಮಧ್ಯಾಹ್ನ ಹುಡುಗಿ ಒಬ್ಬಳೇ ಬಂದಿದ್ದಳು.

“ಅಕ್ಕಾ, ಬಲಗಡೆ ತೋಳು ಎರಡು ಬೆರಳು ಸಡಿಲ ಮಾಡಿಕೊಡಿ.”

“ಎಡಗಡೆ?”

“ಅದು ಸರಿಯಾಗಿದೆ.”

“ಒಂದೇ ಕೈ ದಪ್ಪ ಆಗೋದನ್ನ ನಾನು ಎಲ್ಲೂ ನೋಡಿಲ್ಲ. ಎತ್ತು ನೋಡೋಣ.”

ಹುಡುಗಿ ಎತ್ತಿದಳು. ಕೈ ಭುಜದ ಮಟ್ಟಕ್ಕೆ ಬಂದು ನಿಂತಿತು. ಅಲ್ಲಿಂದ ಮೇಲಕ್ಕೆ ಹೋದದ್ದು ಹುಬ್ಬು ಮಾತ್ರ. ತೋಳಿನ ಕೆಳಗೆ ಬಿಗಿದು ಕಟ್ಟಿದ ಪಟ್ಟಿ ಕಾಣಿಸಿತು.

“ಯಾವಾಗಿಂದ?”

“ಪ್ರಾಕ್ಟೀಸಲ್ಲಿ ಬಿದ್ದೆ. ಲೀಗ್ ಶುರುವಾಗೋಕೆ ಒಂದು ವಾರ ಮುಂಚೆ.”

“ಡಾಕ್ಟರು?”

“ಹೋದ್ರೆ ರೆಸ್ಟ್ ಅಂತ ಬರೀತಾರಲ್ಲ ಅಕ್ಕಾ.”

ನಿಯಮ ಹೀಗಿತ್ತು: ಸತತ ಎರಡು ಪಂದ್ಯ ಆಡದವಳ ಹೆಸರು ತಂಡದ ಪಟ್ಟಿಯಿಂದ ಹೋಗುತ್ತದೆ. ಆಟದ ಕೋಟಾದಲ್ಲಿ ಬಂದವಳ ಹೆಸರು ಪಟ್ಟಿಯಿಂದ ಹೋದರೆ ಹಾಸ್ಟೆಲ್ ಕೋಣೆ ಹೋಗುತ್ತದೆ. ಕೋಣೆ ಹೋದರೆ ಓದೂ ಹೋದಂತೆ, ಏಕೆಂದರೆ ಆ ಊರಿನಲ್ಲಿ ಅವಳಿಗೆ ಇದ್ದ ಸೂರು ಅದೊಂದೇ.

“ಮಾತ್ರೆ ತಗೊಂಡು ಇಳೀತೀನಿ. ಅರ್ಧ ಆಟಕ್ಕೆ ಸಾಕಾಗುತ್ತೆ,” ಎಂದಳು ಹುಡುಗಿ. “ಆಮೇಲೆ ಕೈ ನಂದಲ್ಲ. ಯಾರಿಗೂ ಹೇಳಬೇಡಿ ಅಕ್ಕಾ.”

ಟೈಲರಕ್ಕ ಎರಡು ಬೆರಳು ಸಡಿಲ ಮಾಡಿಕೊಟ್ಟಳು.

೫

(ಈ ಭಾಗದಲ್ಲಿ ನನ್ನ ಬಗ್ಗೆ ಬರೆದುಕೊಂಡಿದ್ದೆ. ಚೆನ್ನಾಗಿತ್ತು. ಪಾತ್ರಗಳೆಲ್ಲ ಸೇರಿ ತೆಗೆಸಿದವು.)

೬

ಭಾನುವಾರದ ಟೇಬಲ್ಲಿಗೆ ಹಿಂತಿರುಗೋಣ. ಕಂಡಕ್ಟರ್ ಜೇಬಿನಿಂದ ನಾಲ್ಕು ಮಡಿಕೆಯ ಕಾಗದವೊಂದನ್ನು ತೆಗೆದು ಬಟ್ಟೆಯ ಮೇಲೆ ಹರಡಿದ. ಪ್ರಾಂಶುಪಾಲರಿಗೆ ಮನವಿ ಪತ್ರ. ‘ಒಂಬತ್ತನೇ ನಂಬರಿನ ಆಟಗಾರ್ತಿಯ ಆಟ ತೀವ್ರ ಅನುಮಾನಕ್ಕೆ ಎಡೆಮಾಡಿದ್ದು, ಆಕೆಯನ್ನು ತಂಡದಿಂದ ಕೈಬಿಡಬೇಕಾಗಿ ಸಮಸ್ತ ಅಭಿಮಾನಿಗಳ ಪರವಾಗಿ…’ ಕೆಳಗೆ ಎರಡು ಸಹಿ. ಮೂರನೆಯ ಜಾಗ ಖಾಲಿ.

“ಸಮಸ್ತ ಅಂದ್ರೆ ನಾನೊಬ್ಬಳೇ ಬಾಕಿ,” ಎಂದಳು ಟೈಲರಕ್ಕ.

“ಹದಿನಾಲ್ಕು ವರ್ಷ ಸೋಲು ನೋಡಿದ್ದೀವಿ ಅಕ್ಕಾ. ಸೋತ್ರೆ ಬೇಜಾರಿಲ್ಲ,” ಎಂದರು ಮೇಷ್ಟ್ರು. ಅವರ ದನಿ ನಿಜಕ್ಕೂ ನೊಂದಿತ್ತು. “ಮೋಸ ಹೋಗೋದು ಬೇಡ.”

ಓದುಗರೇ, ಬಿಕ್ಕಟ್ಟು ಗಮನಿಸಿ. ಇಂಥ ಬಿಕ್ಕಟ್ಟು ಕಟ್ಟುವುದರಲ್ಲಿ ನನಗೆ ಸರಿಸಾಟಿಯಿಲ್ಲ. ಟೈಲರಕ್ಕ ಸುಮ್ಮನಿದ್ದರೆ ಹುಡುಗಿ ಮೋಸಗಾತಿಯಾಗಿ ಹೊರಬೀಳುತ್ತಾಳೆ. ನಿಜ ಹೇಳಿದರೆ ಗಾಯಾಳುವಾಗಿ ಹೊರಬೀಳುತ್ತಾಳೆ. ಎರಡು ದಾರಿಗೂ ನಾನು ತಲಾ ಮೂರು ಪುಟ ಸಿದ್ಧ ಮಾಡಿಟ್ಟುಕೊಂಡು, ಯಾವ ಕಡೆ ಹೋಗುತ್ತಾಳೋ ನೋಡೋಣವೆಂದು ಕಾಲ ಮೇಲೆ ಕಾಲು ಹಾಕಿ ಕೂತಿದ್ದೆ.

“ಅವಳ ತಪ್ಪಲ್ಲ,” ಎಂದಳು ಟೈಲರಕ್ಕ. “ತಪ್ಪು ನಂದು.”

“ನಿಮ್ಮದಾ?”

“ಒಂಬತ್ತರ ಬಲಗಡೆ ತೋಳು ಕತ್ತರಿಸೋವಾಗ ಕೈ ತಪ್ಪಿತು. ಬಿಗಿ ಆಯ್ತು. ಹೋದ ವರ್ಷ ಬಿಚ್ಕೊಳ್ತಾ ಇತ್ತಲ್ಲ ಅಂತ ಈ ಸಲ ದಪ್ಪ ನೂಲು ಬೇರೆ ಹಾಕಿದ್ದೀನಿ. ಮೊದಲರ್ಧ ಹೇಗೋ ನಡೆಯುತ್ತೆ. ಬೆವರು ಹಿಡಿದ ಮೇಲೆ ಬಟ್ಟೆ ಮೈಗೆ ಅಂಟಿ ಕಂಕುಳಲ್ಲಿ ಕಚ್ಚುತ್ತೆ. ಕೈ ಮೇಲೇಳಲ್ಲ. ಪಾಪ, ಹುಡುಗಿ ಏನು ಮಾಡ್ತಾಳೆ? ದಾಟಿಸ್ತಾಳೆ.”

ಅಂಗಡಿಯಲ್ಲಿ ಸೂಜಿ ಬಿದ್ದರೆ ಕೇಳಿಸುವಷ್ಟು ಮೌನ. (ಸೂಜಿಗಳು ಬೀಳುತ್ತಲೇ ಇದ್ದವು. ಟೈಲರ್ ಅಂಗಡಿಯಲ್ಲವೇ.)

“ಇಷ್ಟು ದಿನ ಯಾಕೆ ಹೇಳಲಿಲ್ಲ?” ಎಂದ ಕಂಡಕ್ಟರ್.

“ಮಾನ ಅನ್ನೋದು ಒಂದಿರುತ್ತಲ್ಲಪ್ಪ. ಈ ಬೀದೀಲಿ ನನ್ನ ಕತ್ತರಿ ತಪ್ಪಿದೆ ಅಂತ ನಾನೇ ಸಾರಿಕೊಂಡು ಬರಲಾ?”

ಆತ ಅವಳ ಮುಖವನ್ನು ದಿಟ್ಟಿಸಿದ. ಸಾವಿರಾರು ಪ್ರಯಾಣಿಕರನ್ನು ಬಿಸಿಲಿನಲ್ಲಿ ನಡುದಾರಿಯಲ್ಲಿ ಇಳಿಸಿದ ಕಣ್ಣು ಅದು. ಟೈಲರಕ್ಕ ಕಿಟಕಿಯ ಹೊರಗೆ ನೋಡಲಿಲ್ಲ. ಅವನನ್ನೇ ನೋಡಿದಳು. ಕೊನೆಗೆ ಕಂಡಕ್ಟರ್ ಕಾಗದವನ್ನು ಎರಡಾಗಿ, ನಾಲ್ಕಾಗಿ ಹರಿದ.

“ನಾನು ಅವತ್ತೇ ಅಂದೆ, ಬಟ್ಟೇಲೇ ಏನೋ ಇದೆ ಅಂತ,” ಎಂದ. ಹಿಂದಿನ ಪುಟಗಳನ್ನು ತಿರುವಿ ನೋಡಿ. ಅಂದಿರಲಿಲ್ಲ.

ಮೇಷ್ಟ್ರು ನೋಟ್‌ಬುಕ್ಕಿನಲ್ಲಿ ಸ್ಕೇಲಿಟ್ಟು ಹೊಸದೊಂದು ಕಾಲಂ ಎಳೆದರು. ತಲೆಬರಹ: ಬೆವರು.

೭

ನನ್ನ ಕಥೆಯಲ್ಲಿ, ನನ್ನ ಅನುಮತಿಯಿಲ್ಲದೆ, ನಾನು ಬರೆಯದ ಸುಳ್ಳನ್ನು ಒಂದು ಪಾತ್ರ ಹೇಳಿತು. ಅದಕ್ಕಿಂತ ಅವಮಾನವೆಂದರೆ, ಆ ಸುಳ್ಳು ನನ್ನವುಗಳಿಗಿಂತ ಚೆನ್ನಾಗಿ ಹೊಲಿದದ್ದಾಗಿತ್ತು.

ಸುದ್ದಿ ಸೋಮವಾರ ಮೊದಲ ಸ್ಟಾಪಿನಲ್ಲಿ ಬಸ್ ಹತ್ತಿ ಕೊನೆಯ ಸ್ಟಾಪಿನಲ್ಲಿ ಇಳಿಯಿತು. ಮಂಗಳವಾರ ಕಾಲೇಜಿನವರು ಹೊಸ ಜರ್ಸಿಗಳನ್ನು ಸಿದ್ಧ ಉಡುಪಿನ ಅಂಗಡಿಯಿಂದ ತರಿಸಿದರು. ಬುಧವಾರ ಒಬ್ಬರು, ಬಹಳ ಮರ್ಯಾದೆಯಿಂದ, ಕತ್ತರಿಸದೆ ಇಟ್ಟಿದ್ದ ಕೋಟಿನ ಬಟ್ಟೆಯನ್ನು ವಾಪಸು ಒಯ್ದರು. “ಅರ್ಜೆಂಟಿಲ್ಲ ಅಕ್ಕಾ, ಮುಂದೆ ನೋಡೋಣ,” ಎಂದರು. ಟೈಲರಕ್ಕ ಅವರಿಗೆ ಬಟ್ಟೆಯನ್ನು ನೀಟಾಗಿ ಮಡಿಸಿಕೊಟ್ಟಳು. ಆಮೇಲೆ ತುಂಬ ಹೊತ್ತು ಖಾಲಿ ಮಷೀನನ್ನು ತುಳಿಯುತ್ತ ಕೂತಳು.

“ಇದೆಲ್ಲ ಬೇಕಿತ್ತಾ?” ಎಂದು ಕೇಳಿದೆ.

“ನೀವು ಬೇರೆ ದಾರಿ ಇಟ್ಟಿದ್ರಾ?” ಎಂದಳು.

ಇಟ್ಟಿರಲಿಲ್ಲ. ನಾನಂತೂ ಇಲ್ಲಿಗೇ ಮುಗಿಸುವ ಹುನ್ನಾರದಲ್ಲಿದ್ದೆ. ತ್ಯಾಗ, ಮೌನ, ಮಷೀನಿನ ಸದ್ದು. ಮೂರಕ್ಷರದ ಒಂದು ಕೊನೆಯ ಸಾಲೂ ಹೊಳೆದಿತ್ತು. ಅಷ್ಟರಲ್ಲಿ ಒಂಬತ್ತನೇ ನಂಬರು ಅಂಗಡಿಗೆ ನುಗ್ಗಿತು.

೮

“ಏನು ಮಾಡಿಟ್ರಿ ಅಕ್ಕಾ ನೀವು!”

ಗುರುವಾರ, ನಡು ಮಧ್ಯಾಹ್ನ. ಹುಡುಗಿ ಹೊಸ ಜರ್ಸಿಯನ್ನು ಟೇಬಲ್ಲಿನ ಮೇಲೆ ಎಸೆದಳು, ಎಡಗೈಯಿಂದ.

“ಯಾಕೆ, ಇದೂ ಬಿಗಿನಾ?”

“ಬಿಗಿನಾ? ಗಾಳಿ ತುಂಬಿದ್ರೆ ನಾನು ಹಾರಿಹೋಗ್ತೀನಿ, ಅಷ್ಟು ಸಡಿಲ. ಅದೇ ಕಷ್ಟ ಆಗಿರೋದು! ಮೇಷ್ಟ್ರು ಹಾಸ್ಟೆಲ್ ಗೇಟಿಗೆ ಬಂದಿದ್ರು. ಶನಿವಾರ ಎರಡನೇ ಅರ್ಧದಲ್ಲಿ ಕನಿಷ್ಠ ಹತ್ತು ಸಲ ಎಸೀಬೇಕಂತೆ, ಲೆಕ್ಕ ಹಾಕಿದ್ದಾರಂತೆ. ಕಂಡಕ್ಟರಣ್ಣ ತುಂಬಿದ ಬಸ್ಸಲ್ಲಿ ಯಾರನ್ನೋ ಎಬ್ಬಿಸಿ ನನಗೆ ಸೀಟು ಕೊಡಿಸಿದ್ರು. ‘ತಪ್ಪು ತಿಳ್ಕೊಂಡಿದ್ದೆ ಕಣಮ್ಮ’ ಅಂತ ಕಣ್ಣಲ್ಲಿ ನೀರು ಬೇರೆ.” ಹುಡುಗಿ ಸ್ಟೂಲಿನ ಮೇಲೆ ಕುಸಿದಳು. “ಅನುಮಾನ ಪಡ್ತಿದ್ರಲ್ಲ, ಅದೇ ವಾಸಿ ಇತ್ತು. ಬೈತಾರೆ, ಬೈಸ್ಕೊಂಡು ಆಡಬಹುದು. ಈಗ ನಂಬಿಬಿಟ್ಟಿದ್ದಾರೆ. ನಂಬಿದೋರ ಎದುರಿಗೆ ಹೇಗೆ ಕೈ ಎತ್ತದೆ ಇರೋದು?”

ಟೈಲರಕ್ಕನ ಕಾಲು ಮಷೀನಿನ ಮೇಲೆ ನಿಂತಿತು.

“ಇಷ್ಟು ದೂರ ಯೋಚನೆ ಮಾಡಿರಲಿಲ್ಲ ಕಣೇ.”

(ನಾನೂ ಮಾಡಿರಲಿಲ್ಲ. ಆದರೆ ವಿಮರ್ಶಕರು ಕೇಳಿದರೆ ಮೊದಲೇ ಗೊತ್ತಿತ್ತು ಎಂದೇ ಹೇಳುತ್ತೇನೆ.)

೯

ಕೊನೆಗಳು ಬೇಕಾದಷ್ಟಿವೆ. ನನ್ನ ಅಂಗಡಿಯೂ ತೆರೆದೇ ಇದೆ, ಆರಿಸಿಕೊಳ್ಳಿ.

ಒಂದು. ಶನಿವಾರ, ಕೊನೆಯ ಐದು ಸೆಕೆಂಡು. ಚೆಂಡು ಒಂಬತ್ತರ ಕೈಗೆ ಬರುತ್ತದೆ. ಹಲ್ಲು ಕಚ್ಚಿ ಬಲಗೈ ಎತ್ತುತ್ತಾಳೆ. ಚೆಂಡು ಬುಟ್ಟಿಯೊಳಗೆ. ಮೂರು ಸಾವಿರ ಜನ (ಈಗ ಬಂದಿದ್ದಾರೆ) ಎದ್ದುನಿಲ್ಲುತ್ತಾರೆ.

“ಆ ಭುಜ ನಿಮ್ಮಪ್ಪಂದಾ, ಹಾಗೆ ಎತ್ತಿಸೋಕೆ?” ಎಂದಳು ಟೈಲರಕ್ಕ.

ಎರಡು. ಎತ್ತುತ್ತಾಳೆ, ಭುಜ ಜಾರುತ್ತದೆ, ಬೀಳುತ್ತಾಳೆ. ಮೈದಾನ ಸ್ತಬ್ಧ. ಮೇಷ್ಟ್ರ ಪೆನ್ಸಿಲ್ ಮುರಿಯುತ್ತದೆ. ಇದನ್ನು ಬರೆಯುವಾಗ ನಾನೇ ಅತ್ತೆ. ಅತ್ತದ್ದರಿಂದಲೇ ಅದರ ಮೇಲೆ ಅನುಮಾನ ಬಂತು.

“ನಿಮಗೆ ಕೊನೆ ಸಿಗಲಿಲ್ಲ ಅಂತ ನಾನ್ಯಾಕೆ ಸಾರ್ ಬೀಳಬೇಕು?” ಎಂದಳು ಹುಡುಗಿ. ಹೊಡೆದುಹಾಕಿದೆ.

ಮೂರು. ಶನಿವಾರವೇ ಬರುವುದಿಲ್ಲ. ಶುಕ್ರವಾರದ ನಂತರ ನೇರವಾಗಿ ಭಾನುವಾರ. (ಇದು ತುಂಬಾ ಪ್ರಯೋಗಾತ್ಮಕ. ಯಾರಿಗೂ ಅರ್ಥವಾಗುವುದಿಲ್ಲವಾದ್ದರಿಂದ ಬಹುಮಾನ ಬರುವ ಸಾಧ್ಯತೆ ಹೆಚ್ಚು.)

ನಾನು ನಾಲ್ಕನೆಯದನ್ನು ಹುಡುಕುತ್ತಿದ್ದಾಗ ಟೈಲರಕ್ಕ ಎದ್ದಳು. ಕೊರಳಿಂದ ಅಳತೆ ಟೇಪು ತೆಗೆದು ಮೊಳೆಗೆ ಹಾಕಿದಳು.

“ನಡಿ.”

“ಎಲ್ಲಿಗೆ?”

“ನಿಮ್ಮ ಕೋಚ್ ಹತ್ರ.”

“ಹೆಸರು ತೆಗೀತಾರೆ ಅಕ್ಕಾ.”

“ತೆಗೀಬಹುದು. ತೆಗೀದೇನೂ ಇರಬಹುದು. ನಾವು ಕೇಳಿಲ್ಲವಲ್ಲ.”

“ನಾನು ಹೇಳಲ್ಲ.”

“ನಿನ್ನದನ್ನ ನಾನೂ ಹೇಳಲ್ಲ. ನನ್ನ ಸುಳ್ಳನ್ನ ನಾನು ಹೇಳ್ತೀನಿ. ಅದಾದ ಮೇಲೆ ನೀನು ಬಾಯಿ ಬಿಟ್ಟರೆ ಬಿಡು, ಇಲ್ಲಾಂದ್ರೆ ಇಬ್ಬರೂ ಸುಮ್ಮನೆ ನಿಂತಿದ್ದು ಬರೋಣ. ಆದ್ರೆ ಈ ಕೈ ಇಟ್ಕೊಂಡು ಶನಿವಾರ ನೀನು ಎಸೆಯೋದನ್ನ ನಾನು ಕೂತು ನೋಡಲ್ಲ. ಆ ಶಕ್ತಿ ನನಗಿಲ್ಲ ಕಣೇ.”

ಹುಡುಗಿ ಜರ್ಸಿಯನ್ನು ಎಡಗೈಯಲ್ಲೇ, ವಕ್ರವಕ್ರವಾಗಿ, ಮಡಿಸಿದಳು. ಅಂಗಡಿಯಿಂದ ಮೊದಲು ಹೊರಗಿಳಿದವಳು ಅವಳೇ.

೧೦

ಅವರು ಗೇಟು ದಾಟುವಷ್ಟರಲ್ಲಿ ನನಗೆ ಬೆವರು ಕಿತ್ತುಕೊಂಡಿತು. ಇಡೀ ಕಥೆಯಲ್ಲಿ ನಾನು ಕೋಚ್‌ನನ್ನು ಸೃಷ್ಟಿಸಿಯೇ ಇರಲಿಲ್ಲ. ಬ್ಯಾಸ್ಕೆಟ್‌ಬಾಲ್ ಕಥೆಯಲ್ಲಿ ಕೋಚ್ ಇಲ್ಲ! ಅವರು ಮೆಟ್ಟಿಲು ಹತ್ತುತ್ತಿದ್ದಂತೆ ಓಡೋಡಿ ಒಂದು ಕೋಣೆ ಕಟ್ಟಿದೆ. ಬಾಗಿಲು, ಕಿಟಕಿ, ಮೂಲೆಯಲ್ಲಿ ಗಾಳಿ ಇಳಿದ ಮೂರು ಚೆಂಡು. ಒಳಗೆ ಕೂರಿಸಲು ಮೊದಲು ಒಬ್ಬ ಕಟುಕನನ್ನು ಬರೆದೆ: ಕೊರಳಲ್ಲಿ ಸೀಟಿ, ಕೈಯಲ್ಲಿ ನಿಯಮದ ಪುಸ್ತಕ, ಕಣ್ಣಲ್ಲಿ ಕಲ್ಲು. ರೋಚಕ. ಆಮೇಲೆ ಒಬ್ಬಾಕೆಯನ್ನು ಬರೆದೆ: ಮೆತ್ತಗೆ ಮಾತಾಡುವವಳು, ತನ್ನ ಭುಜಕ್ಕೂ ಒಂದು ಕಾಲದಲ್ಲಿ ಏಟು ಬಿದ್ದಿದ್ದವಳು. ಅನುಕೂಲ. ತೀರಾ ಅನುಕೂಲ.

ಬಾಗಿಲ ಬಳಿ ಟೈಲರಕ್ಕ ತಿರುಗಿ ನಿಂತಳು.

“ಒಳಗೆ ಯಾರನ್ನ ಕೂರಿ‍ಸ್ತಿದ್ದೀರಿ?”

“ಇನ್ನೂ ತೀರ್ಮಾನ ಮಾಡಿಲ್ಲ.”

“ಮಾಡೋದೂ ಬೇಡ. ರುಚಿ ಆಗಲಿ ಅಂತ ನೀವು ಕಾರು ನಿಲ್ಲಿಸೋ ಜನ. ನಿಮ್ಮ ಮೇಲೆ ನನಗೆ ನಂಬಿಕೆ ಇಲ್ಲ. ನೀವು ಇಲ್ಲೇ ಇರಿ.”

ಇಬ್ಬರೂ ಒಳಗೆ ಹೋದರು. ನಾನು ಕಟ್ಟಿದ ಬಾಗಿಲು ನನ್ನ ಮುಖಕ್ಕೇ ಮುಚ್ಚಿತು.

ಕಾರಿಡಾರಿನಲ್ಲಿ ನಿಂತಿದ್ದೆ. ಹತ್ತು ನಿಮಿಷಕ್ಕೆ ಮೇಷ್ಟ್ರು ಬಂದರು, ಅವರ ಹಿಂದೆಯೇ ಏದುಸಿರು ಬಿಡುತ್ತ ಕಂಡಕ್ಟರ್. ಅಕ್ಕ ಹುಡುಗಿಯನ್ನು ಕರೆದುಕೊಂಡು ಕಾಲೇಜಿನೊಳಗೆ ಹೋದದ್ದನ್ನು ಯಾರೋ ನೋಡಿ ಹೇಳಿದ್ದರಂತೆ.

“ಒಳಗೆ ಏನು ನಡೀತಿದೆ?” ಎಂದರು ಮೇಷ್ಟ್ರು.

“ಗೊತ್ತಿಲ್ಲ,” ಎಂದೆ. ಇಷ್ಟು ವರ್ಷದಲ್ಲಿ ಈ ಪದವನ್ನು ನಾನು ನನ್ನ ಬಾಯಿಗೆ ಹಾಕಿಕೊಂಡದ್ದು ಇದೇ ಮೊದಲು.

“ನೀವೇ ಅಲ್ವಾ ಬರೀತಿರೋದು? ಗೊತ್ತಿಲ್ಲ ಅಂದ್ರೆ?” ಕಂಡಕ್ಟರ್ ನನ್ನ ಕತ್ತಿನ ಹಿಂಭಾಗಕ್ಕೆ ಬಂದು ನಿಂತ. ಭುಜದ ವಿಷಯ ನಾಲಿಗೆಯ ತುದಿಯಲ್ಲಿತ್ತು. ಹೇಳಲಿಲ್ಲ. ನಿಮಗೆ ಹೇಳಿದ್ದೇನೆ, ನಿಜ. ನೀವು ಅವರಿಗೆ ಹೇಳಬೇಡಿ.

ಮೇಷ್ಟ್ರು ನೋಟ್‌ಬುಕ್ ತೆರೆದು ಗಡಿಯಾರ ನೋಡಿ ಸಮಯ ಗುರುತು ಹಾಕಿದರು. ಜರ್ಸಿ ಬದಲಾಯಿಸಲು ಬಂದಿರಬಹುದು ಎಂದರು. ಅಕ್ಕನೇ ಏನೋ ಮುಚ್ಚಿಡುತ್ತಿದ್ದಾಳೆ ಎಂದ ಕಂಡಕ್ಟರ್. ನಾನೂ ಒಂದು ಊಹೆ ಮುಂದಿಟ್ಟೆ. ಇಬ್ಬರೂ ಅದನ್ನು ತಳ್ಳಿಹಾಕಿದರು.

ಒಳಗೆ ಮಾತು ಕೇಳಿಸಿತು, ಪದಗಳು ಕೇಳಿಸಲಿಲ್ಲ. ಮೊದಲು ಟೈಲರಕ್ಕನ ದನಿ. ನಂತರ ತುಂಬ ಹೊತ್ತು ಏನೂ ಇಲ್ಲ. ಆಮೇಲೆ ಸಣ್ಣ ದನಿಯೊಂದು, ತಡೆದು ತಡೆದು. ಅದಾದ ಮೇಲೆ ನೆಲದ ಮೇಲೆ ಕುರ್ಚಿ ಎಳೆದ ಸದ್ದು. ತುಸು ಬಿಟ್ಟು ಇನ್ನೊಂದು ಕುರ್ಚಿ.

“ಕುರ್ಚಿ, ಎರಡು,” ಮೇಷ್ಟ್ರು ಬರೆದುಕೊಂಡರು. “ಕೂರಿಸಿದ್ದಾರೆ. ಅಂದ್ರೆ ಒಳ್ಳೇದೇ.”

“ಕೆಟ್ಟ ಸುದ್ದಿ ಹೇಳೋಕೂ ಕೂರಿಸ್ತಾರೆ ಮೇಷ್ಟ್ರೇ,” ಎಂದ ಕಂಡಕ್ಟರ್.

ಇಬ್ಬರೂ ನನ್ನ ಕಡೆ ತಿರುಗಿದರು. ನಾನು ಬಾಗಿಲನ್ನೇ ನೋಡುತ್ತಿದ್ದೆ. ಅವಸರದಲ್ಲಿ ಆ ಕೋಣೆಯೊಳಗೆ ನಾನು ಇಟ್ಟು ಬಂದಿದ್ದು ಒಂದೇ ಕುರ್ಚಿ, ಅದೂ ಕೋಚ್‌ಗೆ.